ಅಪ್ಪನ ಶಂಖ, ಮಾವಶಿಯ ಹೆಬ್ಬೆರಳು

ಮೀನು ಮಾರಲು ಬರುವ, ನಾವೆಲ್ಲ ಮಾವಶಿ ಎಂದೇ ಕರೆಯುವ ಮರಾಠಿ ಹೆಂಗಸು ಬಾಗಿಲಲ್ಲಿ ಬುಟ್ಟಿ ಇಳಿಸಿದವರೇ, ಅಪ್ಪ ಊದುತ್ತಿದ್ದ ಪೂಜೆಯ ಶಂಖವನ್ನು ಅವರ ಕೈಯಿಂದ ತೆಗೆದುಕೊಂಡೇಬಿಟ್ಟರು. "ಅಯ್ಯೋ ಮಾರಾಯ್ತಿ, ಮೀನು ಮುಟ್ಟಿದ ಕೈ!" ಎಂದು ಅಮ್ಮ ದೇವರ ಗೂಡಿನ ಕಡೆಯಿಂದ ಓಡಿಬಂದರು.

ಕೆರಿಬಿಯನ್ ಸಮುದ್ರದ ಪ್ರವಾಸಿ ಹಡಗಿನಲ್ಲಿ ಅಡುಗೆಯವನಾಗಿರುವ ನನ್ನ ತಮ್ಮ, ಊದಲು ತುದಿ ಕೊಯ್ದಿದ್ದ ಆ ಗುಲಾಬಿ ಬಾಯಿಯ ಶಂಖವನ್ನು ಅಪ್ಪನಿಗೆಂದೇ ತಂದಿದ್ದ. ವಡಾಲದ ನಮ್ಮ ಭಜನಾ ಮಂಡಳಿಯಲ್ಲಿ ಶಂಖ ಊದುವವರು ಅಪ್ಪನೇ. ಆದರೆ ಇದನ್ನು ಎಷ್ಟು ಊದಿದರೂ ಬುಸ್ ಎಂಬ ಗಾಳಿಯಷ್ಟೇ ಬರುತ್ತಿತ್ತು. ನ್ಯುಮೋನಿಯಾ ಬಂದು ಹೋದ ಮೇಲೆ ತನ್ನ ಎದೆಯಲ್ಲಿ ದಮ್ಮೇ ಉಳಿದಿಲ್ಲವೆಂದು ನಂಬಿ, ಅಪ್ಪ ಮಂಡಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ಶಂಖದ ಮುಳ್ಳುಗಳ ನಡುವೆ ಮೆತ್ತಿಕೊಂಡಿದ್ದ ಕುಂಕುಮವನ್ನು ಮಾವಶಿ ಉಗುರಿನಿಂದ ಕೆರೆದರು. ಅಲ್ಲೊಂದು ಸಣ್ಣ ಸೀಳು ಕಂಡಿತು.

"ಒಳಗಿನ ಮಾಂಸ ಬಿಡಿಸೋಕೆ ಇಲ್ಲಿ ಚೂರಿ ಹಾಕಿದಾರೆ, ಬಾಬಾ. ನಿಮ್ಮ ಉಸಿರೆಲ್ಲ ಇಲ್ಲಿಂದಲೇ ಹೋಗ್ತಿದೆ," ಎಂದು ಮರಾಠಿಯಲ್ಲಿ ಹೇಳಿ, ಸೀಳಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಶಂಖವನ್ನು ಅಪ್ಪನ ತುಟಿಗೆ ಕೊಟ್ಟರು.

ಅಪ್ಪ ಊದಿದರು. ಎದುರಿನ ಬಿಲ್ಡಿಂಗಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಅಪ್ಪನ ಕಣ್ಣು ತುಂಬಿತ್ತು.

ಆ ಸೀಳಿಗೆ ಈಗ ಮೇಣ ತುಂಬಿದ್ದೇವೆ, ಅಪ್ಪ ಮತ್ತೆ ಮಂಡಳಿಗೆ ಹೋಗುತ್ತಾರೆ. ಅಲ್ಲಿಂದ ತಂದ ಪ್ರಸಾದದಲ್ಲಿ ಒಂದು ಪಾಲನ್ನು ಅಮ್ಮ ಮಾವಶಿಗೆಂದು ತೆಗೆದಿಡುತ್ತಾರೆ. ಬುಟ್ಟಿ ಇಳಿಸಿದ ಕೂಡಲೇ, ಕೈ ತೊಳೆಯಲೂ ಬಿಡದೆ, ಮೀನು ಮುಟ್ಟಿದ ಆ ಕೈಗೇ ಹಾಕುತ್ತಾರೆ.