ಮೆಟ್ಟಿಲಡಿಯ ಪರೀಕ್ಷೆ

ಅವರ ಹಳೆಯ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು. ಆ ಬಿರುಕಿನ ಮೇಲೆ ಉಜ್ಜಿ ಉಜ್ಜಿ ಬಲಗೈ ಹೆಬ್ಬೆರಳ ತುದಿ ದಡ್ಡುಗಟ್ಟಿತ್ತು. ಕುಲಶೇಖರದಲ್ಲಿ ವೆಬ್‌ಸೈಟ್ ಮಾಡಿಕೊಡುವ ನಮ್ಮ ಪುಟ್ಟ ಆಫೀಸಿನ ಯಜಮಾನಿ ಅವರು. ಕೊಂಕಣಿ ಮನೆಯವರಾದ್ದರಿಂದ ನಮಗೆಲ್ಲ ‘ಬಾಯಿ’, ಅಂದರೆ ಅಕ್ಕ.

ಯಾವ ಸೈಟ್ ಮುಗಿದರೂ ಬಾಯಿ ಆ ಫೋನ್ ಹಿಡಿದು ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿಗೆ ನುಗ್ಗುತ್ತಿದ್ದರು. ಅಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಹೆಚ್ಚು. ಪುಟವನ್ನು ಕುಣಿಸುವ ಸ್ಕ್ರಿಪ್ಟ್‌ಗಳು ಅಲ್ಲಿಗೆ ಬಂದು ಮುಟ್ಟುತ್ತಲೇ ಇರಲಿಲ್ಲ. ಅವು ಇಲ್ಲದೆಯೂ ಅಕ್ಷರ ಕಾಣಬೇಕು, ಬಟನ್ ಒತ್ತಿದರೆ ಕೆಲಸ ಆಗಬೇಕು. ಫೋಟೋ ಬಾರದಿದ್ದರೆ ಆ ಜಾಗದಲ್ಲಿ ಕಾಣಲಿಕ್ಕೆ ಒಂದು ಸಾಲು ಬರೆದಿರಬೇಕು. ಎಲ್ಲ ಸರಿಯಿದ್ದರೆ ಮಾತ್ರ ನಗುತ್ತಾ ಹೊರಗೆ ಬರುವುದು. ಇಲ್ಲವೋ, ಮತ್ತೆ ಮೊದಲಿಂದ ಮಾಡು.

ಪಡೀಲಿನ ಗಿರಾಕಿಯೊಬ್ಬರು ಒಮ್ಮೆ ಮುಖ ಸಿಂಡರಿಸಿದರು. “ಎಂತ ಬಾಯಿ ಇದು, ಗಂಜಿ ಹಾಗೆ ಸಪ್ಪೆ ಉಂಟಲ್ಲ!”

“ಜ್ವರ ಬಂದ ದಿನ ನೀವು ಬಿರಿಯಾನಿ ತಿಂತೀರಾ ಮಾರಾಯ್ರೇ?”

ನನಗೂ ರೇಗುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ. “ಇಂಥ ಗೂಡಲ್ಲಿ ಕೂತು ಸೈಟ್ ನೋಡುವವರು ಯಾರುಂಟು ಬಾಯಿ?”

“ನನ್ನ ತಮ್ಮ.”

ತಮ್ಮ ಹಡಗಿನ ಕೆಲಸದವನು. ಅವರಮ್ಮ ತೀರಿಕೊಂಡಾಗ ಅಂತ್ಯಕ್ರಿಯೆಯ ಸಮಯ, ಚರ್ಚಿನ ಪೂಜೆಯ ವಿವರ ಎಲ್ಲ ಹಾಕಿ ಬಾಯಿಯೇ ಒಂದು ಪುಟ ಮಾಡಿದ್ದರಂತೆ, ಹೂವು ಉದುರುವ ಹಾಗೆ, ಬಹಳ ಚಂದಕ್ಕೆ.

“ನಡುಸಮುದ್ರದಲ್ಲಿ ಅವನ ಫೋನಲ್ಲಿ ಬರೇ ಚಕ್ರ ತಿರುಗಿದ್ದು, ಪುಟ ತೆರೀಲೇ ಇಲ್ಲ. ನಾವಿಲ್ಲಿ ಅಮ್ಮನನ್ನು ಮಣ್ಣು ಮಾಡುವಾಗ ಅವನು ಅಲ್ಲಿ ಪೈಂಟ್ ಬಳೀತಾ ಇದ್ದ. ಒಂದು ಪ್ರಾರ್ಥನೆ ಹೇಳ್ಲಿಕ್ಕೂ ಆಗ್ಲಿಲ್ಲ. ನಾನೇ ಮಾಡಿದ ಪುಟ ಅಲ್ವಾ ಅದು.”

ಆಮೇಲೆ ಸೈಟ್ ಮುಗಿದ ಕೂಡಲೇ ಆ ಫೋನನ್ನು ನಾನೇ ಅವರ ಕೈಗೆ ಕೊಡುತ್ತಿದ್ದೆ.

ಈ ಮಳೆಗಾಲಕ್ಕೆ ಮೊದಲು ಕ್ಯಾನ್ಸರ್ ಬಾಯಿಯನ್ನು ಕರೆದುಕೊಂಡು ಹೋಯಿತು. ತಮ್ಮ ಈಗಲೂ ಹಡಗಿನಲ್ಲೇ. ಪುಟ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬರೀ ಅಕ್ಷರ, ಬಾಯಿಯ ಒಂದೇ ಫೋಟೋ. ಆ ಫೋಟೋಗೆ ಒಂದು ಸಾಲು ಬರೆಯಲಿಕ್ಕೆ ಎಷ್ಟು ಹೊತ್ತಾದರೂ ಕೈ ಬರಲಿಲ್ಲ. ಕೊನೆಗೆ ಬರೆದು, ಅವರ ಒಡೆದ ಫೋನ್ ಹಿಡಿದು ಮೆಟ್ಟಿಲಡಿ ಕೂತೆ. ಸಮಯ ಕಾಣಿಸಿತು, ಚರ್ಚಿನ ಹೆಸರು ಕಾಣಿಸಿತು. ಫೋಟೋ ಬರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ತಮ್ಮನ ಮೆಸೇಜು: “ಸಮಯ ಗೊತ್ತಾಯ್ತು. ಆ ಹೊತ್ತಿಗೆ ಸರಿಯಾಗಿ ಡೆಕ್‌ನಲ್ಲಿ ಮೊಣಕಾಲೂರಿದೆ. ಅಕ್ಕನ ಫೋಟೋ ಬರ್ಲಿಲ್ಲ, ನೀವು ಬರೆದದ್ದು ಬಂತು. ಸಾಕು ಮಾರಾಯ್ರೇ.”

ನಾನು ಬರೆದದ್ದು ಇಷ್ಟೇ: ಬಾಯಿ, ಮೆಟ್ಟಿಲಡಿಯಿಂದ ನಗುತ್ತಾ ಹೊರಗೆ ಬರುತ್ತಿದ್ದಾರೆ.