ಹಡಗು ಕೊಟ್ಟುಬಿಟ್ಟ ಮೇಲೆ

ಇಂಥ ಸಂಗತಿ ಹೇಳುವವರ ಎದುರು ನಕ್ಕವನು ನಾನು. ಈಗಲೂ ನಂಬುತ್ತೇನೆಂದಲ್ಲ. ನನ್ನ ನೆನಪನ್ನೂ ಪೂರ್ತಿ ನಂಬುವುದಿಲ್ಲ. ಕಂಡದ್ದಕ್ಕೆ ಆಮೇಲೆ ತಿಳಿದದ್ದನ್ನು ಸೇರಿಸಿ ಹೊಲಿಯುವ ಚಾಳಿ ಅದಕ್ಕಿದೆ. ಆದ್ದರಿಂದ ನೀವೂ ಇದನ್ನು ಅನುಮಾನದಿಂದಲೇ ಓದಿ.

ಸುಗಟೂರಿನ ನಮ್ಮ ಚಿಕ್ಕಪ್ಪ ನೌಕಾಪಡೆಯಲ್ಲಿದ್ದವರು. ಅವರಿದ್ದ ಯುದ್ಧನೌಕೆ ಬೇರೊಂದು ದೇಶದಲ್ಲಿ ಹುಟ್ಟಿ, ಅಲ್ಲಿ ದುಡಿದು ಹಳತಾದ ಮೇಲೆ ನಮ್ಮಲ್ಲಿಗೆ ಬಂದದ್ದು. ನಾವು ಹೊಸ ಹೆಸರಿಟ್ಟು ಪೂರ್ವ ಕರಾವಳಿಯ ಬಂದರಿನಲ್ಲಿ ಇಟ್ಟುಕೊಂಡೆವು. ಅದೇ ಹಡಗಿನಲ್ಲಿದ್ದ ತಾಯಲೂರಿನ ನಾರಾಯಣಸ್ವಾಮಿ ಒಂದು ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದ. ದೇಹ ಸಿಗಲಿಲ್ಲ. ಸಮುದ್ರವನ್ನೇ ನೋಡಿರದ ಅವನ ತಾಯಿ ಮುನೆಮ್ಮ, ಮಗ ಆ ಹಡಗಿನಲ್ಲೇ ಇದ್ದಾನೆಂದು ತೀರ್ಮಾನಿಸಿದರು. ಪ್ರತಿ ಮಹಾಲಯ ಅಮಾವಾಸ್ಯೆಗೆ ಅವನ ಎಡೆಯನ್ನು ಮೂಡಲಿಗೆ, ಹಡಗಿರುವ ಕಡೆಗೆ, ಇಡುತ್ತಿದ್ದರು. ಪಕ್ಕದಲ್ಲಿ ಅಗಲ ತಟ್ಟೆಯ ತುಂಬ ನೀರು. ಚಿಕ್ಕಪ್ಪ ವರ್ಷವೂ ಹೋಗುತ್ತಿದ್ದರು.

ಮುಂದೆ ಆ ಹಡಗನ್ನು ತೆಂಕಣ ದ್ವೀಪ ದೇಶವೊಂದಕ್ಕೆ ಸ್ನೇಹದ ಕಾಣಿಕೆಯಾಗಿ ಕೊಡಲಾಯಿತು. ಒಂದು ಬಾವುಟ ಇಳಿಯಿತು, ಇನ್ನೊಂದು ಏರಿತು, ಮೂರನೆಯ ಹೆಸರು ಬಂತು. ಭಾಷಣಗಳಾದವು. ಸತ್ತವನ ಹೆಸರಿನ ಸಣ್ಣ ಫಲಕ ಒಳಗಿತ್ತಂತೆ. ಅದರ ಮೇಲೂ ಬಣ್ಣ ಬಿದ್ದಿರಬೇಕು. ಚಿಕ್ಕಪ್ಪ ಮುನೆಮ್ಮನಿಗೆ ಹೇಳಲಿಲ್ಲ.

ಆ ವರ್ಷ ನಾನೂ ಜೊತೆಗೆ ಹೋದೆ. ಮಟಮಟ ಮಧ್ಯಾಹ್ನ. ಮುನೆಮ್ಮ ಎಲೆಗೆ ಬಡಿಸುತ್ತ, “ಹಡಗಲ್ಲಿ ಮುದ್ದೆ ಯಾರಪ್ಪ ಕಟ್ಕೊಡ್ತಾರೆ? ಬರೀ ಬ್ರೆಡ್ಡು ತಿಂದು ಒಣಗಿರ್ತಾನೆ,” ಎಂದು ನಕ್ಕರು.

ಆಗ ತಟ್ಟೆಯ ನೀರು ವಾಲಿತು. ತುಳುಕಲಿಲ್ಲ. ನೆಲ ಸಮವಾಗಿತ್ತು, ತಟ್ಟೆಯೂ ಸಮವಾಗಿತ್ತು. ನೀರು ಮಾತ್ರ ಒಂದು ಅಂಚಿಗೆ ಏರಿ ನಿಂತಿತು. ಎದುರು ಅಂಚಿನಲ್ಲಿ ತಟ್ಟೆಯ ತಳ ಕಾಣಿಸಿತು. ತೆಂಕಲಿಗೆ ವಾಲಿತೆನ್ನುತ್ತೇನೆ. ಹಡಗು ಹೋದ ದಿಕ್ಕು ನನಗೆ ಗೊತ್ತಿದ್ದುದರಿಂದ ನೆನಪೇ ನೀರನ್ನು ಅತ್ತ ತಳ್ಳಿರಬಹುದು. ಆದರೆ ಮುನೆಮ್ಮನಿಗೆ ಏನೂ ಗೊತ್ತಿರಲಿಲ್ಲ.

“ಏನು ನಾಯ್ನಾ, ಅವನು ಮೂಡ್ಲಾಗಿಲ್ವಾ?” ಎಂದು ಅವರು ಚಿಕ್ಕಪ್ಪನನ್ನು ಕೇಳಿದರು.

ನಾನು ತಟ್ಟೆಗೆ ಕೈ ಚಾಚಿದೆ. “ಲೇ, ಸುಮ್ನೆ ಕೂತ್ಕೊಳ್ಳೋ, ದೊಡ್ಡ ಓದಿದೋನು,” ಎಂದು ಚಿಕ್ಕಪ್ಪ ಗದರಿದರು. ಆಮೇಲೆ ನೆಲ ನೋಡುತ್ತ ಮುನೆಮ್ಮನಿಗೆ ಹೇಳಿದರು: “ಹಡಗು ಕೊಟ್ಬಿಟ್ರು ಕಣಮ್ಮ, ಬೇರೆ ದೇಶಕ್ಕೆ. ತೆಂಕಲಾಗೆ.”

“ಹಡಗು ಅವರ್ದು, ಕೊಡ್ಲಿ. ನನ್ನ ಮಗನ್ನ ಯಾರನ್ನ ಕೇಳಿ ಕೊಟ್ರು?”

ಮುನೆಮ್ಮ ಎಲೆಯನ್ನು ತೆಂಕಲಿಗೆ ತಿರುಗಿಸಿದರು. ನೀರು ಯಾವಾಗ ಸಮವಾಯಿತೋ ನಾನು ನೋಡಲಿಲ್ಲ. ಕಲ್ಲು ಕ್ವಾರಿಯ ಸಿಡಿತವಿರಬೇಕು ಎಂದು ಆಮೇಲೆ ಯಾರೋ ಅಂದರು. ಸಿಡಿತಕ್ಕೆ ನೀರು ನಡುಗುತ್ತದೆ, ವಾಲಿಕೊಂಡು ನಿಲ್ಲುವುದಿಲ್ಲ. ಅದಕ್ಕಿಂತ ಒಳ್ಳೆಯ ಕಾರಣ ನನಗೆ ಇಂದಿಗೂ ಸಿಕ್ಕಿಲ್ಲ.

ಈಚೆಗೆ ಆ ದೇಶವೂ ಹಡಗನ್ನು ಗುಜರಿಗೆ ಹಾಕಿತು. ಈ ಸಲದ ಅಮಾವಾಸ್ಯೆಗೆ ಚಿಕ್ಕಪ್ಪ ಏನನ್ನೂ ಮುಚ್ಚಿಡಲಿಲ್ಲ. ಒಡೆದು, ಕರಗಿಸಿ, ಕಬ್ಬಿಣವನ್ನು ಎಲ್ಲೆಲ್ಲಿಗೋ ಮಾರಿದರಂತೆ ಎಂದರು. ಮುನೆಮ್ಮ ಖಾಲಿ ಬಾಳೆಲೆ ಹಿಡಿದು ನಡುಮನೆಯಲ್ಲಿ ನಿಂತೇ ಇದ್ದರು.

“ಹೇಳ್ರಪ್ಪ, ಯಾವ ಕಡೆ ಹಾಕ್ಲಿ?”

ಒಲೆಯ ಮೇಲೆ ಅಡುಗೆ ಆರುತ್ತಿತ್ತು.