ಊರ ಕಾಗದಕ್ಕೆಲ್ಲ ಗೋಂದು ಹಚ್ಚಿಸಿದ್ದು

ಆ ಮಧ್ಯಾಹ್ನ ಅಂಚೆ ಮನೆಯ ಜಗುಲಿಯಲ್ಲಿ ನಾವು ಐದು ಜನ ಇದ್ದೆವು. ಅಂಚೆ ಮನೆಯೆಂದರೆ ಬೇರೇನಲ್ಲ, ಪೋಸ್ಟ್ ಮೇಷ್ಟ್ರ ವಾಸದ ಮನೆಯೇ. ಜಗುಲಿಯ ಮೂಲೆಗೊಂದು ಮೇಜು, ಕಂಬಕ್ಕೆ ತೂಗುಹಾಕಿದ ಕೆಂಪು ಡಬ್ಬ, ಅಷ್ಟೆ. ಮೇಷ್ಟ್ರು ಮೇಜಿನ ಹಿಂದೆ ಕೂತು ಮೊಹರು ಒತ್ತುತ್ತಿದ್ದರು. ನೆಲದ ಮೇಲೆ ಚೀಲ ಸುರಿದುಕೊಂಡು ಪೋಸ್ಟಣ್ಣ ಕಾಗದ ಆರಿಸುತ್ತಿದ್ದ. ನಮ್ಮ ಪಕ್ಕದ ಮನೆಯ ಅಜ್ಜಿ ಕಂಬಕ್ಕೊರಗಿ, ಹೊಸಕೋಟೆ ಕಡೆಗೆ ಕೊಟ್ಟ ಮಗಳ ಕಾರ್ಡು ಬಂತೋ ಎಂದು ಕಾಯುತ್ತಿದ್ದಳು. ರೇಷ್ಮೆಗೂಡಿನ ವ್ಯಾಪಾರ ಮಾಡುವ ಸಾಬರು ಸೈಕಲ್ ಹಿಡಿದುಕೊಂಡೇ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನಿಂತಿದ್ದರು. ಐದನೆಯವಳು ನಾನು. ನನಗೆ ಬರಬೇಕಾದ ಕಾಗದ ಯಾವುದೂ ಇರಲಿಲ್ಲ. ಆದರೂ ಅವರೆಲ್ಲರಿಗಿಂತ ಹೆಚ್ಚು ಎದೆ ಹೊಡೆದುಕೊಳ್ಳುತ್ತಿದ್ದವಳು ನಾನೇ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಧುರೆ ಹೋಬಳಿಯ ನಮ್ಮ ಊರಿಗೆ ಫೋನು ಬಂದಿರಲಿಲ್ಲ. ಸುದ್ದಿಯೆಂದರೆ ಕಾರ್ಡು. ಕಾರ್ಡು ಬಂದರೆ ಮೇಷ್ಟ್ರು ಗಟ್ಟಿಯಾಗಿ ಓದುವರು, ಜಗುಲಿಯಲ್ಲಿದ್ದವರು ಕೇಳುವರು, ಪೋಸ್ಟಣ್ಣ ಅದನ್ನು ಹಿಡಿದುಕೊಂಡು ಹೊಲದ ದಾರಿಯಲ್ಲಿ ಹೋಗುತ್ತ "ನಿನ್ ಮಗಳಿಗೆ ಗಂಡು ಮಗು ಕಣಮ್ಮೋ" ಎಂದು ಬದುವಿನಿಂದಲೇ ಕೂಗುವನು. ಕಾಗದದ ಒಡೆಯರ ಕೈಗೆ ಅದು ಸೇರುವ ಹೊತ್ತಿಗೆ ಮೂರು ಮನೆಯಲ್ಲಿ ಅದರ ಮಾತು ಆಡಿ ಮುಗಿದಿರುತ್ತಿತ್ತು. ಯಾರೂ ಇದನ್ನು ತಪ್ಪು ಅನ್ನುತ್ತಿರಲಿಲ್ಲ. ತಪ್ಪಾಗಿ ಕಾಣುತ್ತಿದ್ದದ್ದು ಮಡಚಿ ಅಂಟಿಸಿದ ನೀಲಿ ಇನ್‌ಲೆಂಡ್ ಕಾಗದ. ಅದು ಬಂತೆಂದರೆ ಜಗುಲಿ ಗಪ್‌ಚಿಪ್. ಮೇಷ್ಟ್ರು ಅದನ್ನು ಕೊಳವೆಯ ಹಾಗೆ ಉಬ್ಬಿಸಿ ಪಕ್ಕದ ಸಂದಿಯಿಂದ ಒಂದು ಕಣ್ಣು ಹಾಕುವರು. ಸಂಜೆಯೊಳಗೆ ಆ ಮನೆಯ ಮುಂದೆ ನಾಲ್ಕು ಜನ ಬಂದು "ಏನಂತೆ, ಇನ್‌ಲೆಂಡ್ ಬಂದಿತ್ತಂತೆ?" ಎಂದು ಕೇಳುವರು.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಊರಲ್ಲಿ ಬರೆಯಲು ಬಾರದವರ ಕಾಗದ ಬರೆಯುತ್ತಿದ್ದವಳು ನಾನು. ಹತ್ತು ವರ್ಷದವಳಿದ್ದಾಗಿಂದ ಬರೆದಿದ್ದೇನೆ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ ಎಂದರೆ ಅರ್ಧ ಸುಳ್ಳು. ಮುದುಕಿಯರು ಎಲೆ ಅಡಿಕೆ ಅಗಿಯುತ್ತ ಹೇಳಿದ್ದನ್ನು ಹೇಳಿದ ಹಾಗೇ ಬರೆದೂ ಬರೆದೂ ಕಲಿತದ್ದು. "ಹಂಗೆ ಬರೀಬೇಡ, ನನ್ ಬಾಯಲ್ಲಿ ಬಂದಂಗೆ ಬರಿ" ಎಂದು ಅಜ್ಜಿ ಎಷ್ಟು ಸಲ ಗದರಿದ್ದಾಳೋ.

ಇನ್ನು ನಮ್ಮ ಮನೆಯ ವಿಷಯ. ಆ ವರ್ಷ ಅಕ್ಕ ಮುದ್ದೆಯ ಪಾತ್ರೆ ಇಳಿಸುವಾಗ ಮುಂಗೈ ಸುಟ್ಟುಕೊಂಡಳು. ಚರ್ಮ ಬೊಬ್ಬೆ ಬಂದರೂ ಅವಳಿಗೆ ಉರಿ ಗೊತ್ತಾಗಲಿಲ್ಲ. ಅಲ್ಲೊಂದು ಬಿಳಿಚಿದ ಮಚ್ಚೆಯಿತ್ತು. ದೊಡ್ಡಬಳ್ಳಾಪುರದ ಡಾಕ್ಟರು ನೋಡಿ ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ಕುಷ್ಠ. ಆರು ತಿಂಗಳು ಮಾತ್ರೆ ನುಂಗಿದರೆ ಪೂರ್ತಿ ವಾಸಿ, ಯಾರಿಗೂ ಅಂಟುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಎರಡೆರಡು ಸಲ ಹೇಳಿದರು. ತಿಂಗಳಿಗೊಂದು ಗುರುವಾರ ಆಸ್ಪತ್ರೆಯಲ್ಲೇ ನುಂಗುವ ಮಾತ್ರೆ, ಮಿಕ್ಕ ದಿನಕ್ಕೆ ಮನೆಯಲ್ಲಿ. ಗೊತ್ತಿದ್ದದ್ದು ಅಪ್ಪ, ಅಮ್ಮ, ನಾನು, ಮೂವರಿಗೇ. ಅಷ್ಟರಲ್ಲಿ ಅಕ್ಕನಿಗೆ ತ್ಯಾಮಗೊಂಡ್ಲು ಕಡೆಯ ಸಂಬಂಧ ಒಪ್ಪಿತವಾಗಿತ್ತು. ಹುಡುಗ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು.

"ಮದ್ವೆ ಆಗ್ಲಿ, ಅಷ್ಟೊತ್ತಿಗೆ ವಾಸೀನೂ ಆಗಿರ್ತದೆ, ಬಾಯಿ ಮುಚ್ಕೊಂಡಿರಿ" ಎಂದರು ಅಪ್ಪ.

ಅಕ್ಕ ಒಪ್ಪಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ನನಗೆ ಹೇಳಿದಳು: "ಹೇಳ್ದೆ ತಾಳಿ ಕಟ್ಟಿಸ್ಕೊಂಡ್ರೆ ದಿನಾ ಅವ್ರ ಮುಖ ಹೆಂಗೆ ನೋಡ್ಲೇ? ಅವ್ರಿಗೆ ಗೊತ್ತಾಗ್ಲಿ. ಆದ್ರೆ ನನ್ ಬಾಯಿಂದ ಗೊತ್ತಾಗ್ಲಿ, ಜಗುಲಿ ಬಾಯಿಂದ ಬೇಡ."

ಅವಳು ಬರೆಯಬೇಕು, ಅವರು ಉತ್ತರ ಕೊಡಬೇಕು, ಎರಡೂ ಅಂಟಿಸಿದ ಕಾಗದದಲ್ಲಿ. ಆದರೆ ಮದುವೆ ಗೊತ್ತಾದ ಮನೆಗೆ ತ್ಯಾಮಗೊಂಡ್ಲಿನ ಮೊಹರಿರುವ ಒಂದೇ ಒಂದು ನೀಲಿ ಕಾಗದ ಬಂದರೆ ಮುಗಿಯಿತಲ್ಲ! ಒಳಗಿರುವುದನ್ನು ಯಾರೂ ಓದದಿದ್ದರೂ, ಅದು ನೀಲಿ ಎನ್ನುವುದೇ ಊರಿಗೆ ಸಾಕು. ಎರಡು ದಿನ ಅನ್ನ ಸೇರದೆ ಯೋಚನೆ ಮಾಡಿದೆ. ಊರಿಗೆ ಬರುವ ಕಾಗದವೆಲ್ಲ ನೀಲಿಯಾದರೆ ನಮ್ಮದನ್ನು ಯಾರು ಕಣ್ಣೆತ್ತಿ ನೋಡುತ್ತಾರೆ? ಆ ಮಧ್ಯಾಹ್ನ ನಾನು ಜಗುಲಿಗೆ ಹೋದದ್ದು ಇದಕ್ಕೆ.

"ಮೇಷ್ಟ್ರೇ, ಇನ್ಮೇಲೆ ನಾನು ಯಾರಿಗೂ ಕಾರ್ಡು ಬರ್ಕೊಡಲ್ಲ. ಎಲ್ರೂ ಇನ್‌ಲೆಂಡ್ ತಗೊಳ್ಲಿ" ಎಂದೆ.

ಮೇಷ್ಟ್ರು ಮೊಹರು ಕೆಳಗಿಟ್ಟರು. "ಯಾಕಮ್ಮಾ, ಊರವರೆಲ್ಲ ಕಳ್ಳರಾಗ್ಬಿಟ್ರಾ? ಮುಚ್ಚಿಡೋ ವಿಷ್ಯ ಇದ್ದೋರು ಅಂಟಿಸ್ಲಿ. ನಿಯತ್ತಾಗಿರೋರಿಗೆ ಕಾರ್ಡು ಸಾಕು."

"ನೀವು ಸ್ನಾನಕ್ಕೆ ಹೋದಾಗ ಬಾಗ್ಲು ಹಾಕ್ಕೋತೀರಲ್ಲ, ಒಳಗೇನು ಕಳ್ತನ ಮಾಡ್ತೀರಾ?"

ಸಾಬರು ಹೋ ಎಂದು ನಕ್ಕರು. "ಬರೋಬರ್ ಹೇಳ್ದೆ ತಂಗಿ. ನಂಗೂ ಬೇಕು ಅದು. ಗೂಡಿನ ರೇಟು ಬರ್ದು ಹಾಕ್ತಾರೆ, ನನ್ ಕೈಗೆ ಬರೋದ್ರೊಳ್ಗೆ ಊರ್ಗೆಲ್ಲ ಗೊತ್ತು. ಆಮೇಲೆ ನಾನ್ ಏನ್ ವ್ಯಾಪಾರ ಮಾಡ್ಲಿ, ತಲೇನಾ?"

"ನಿಮ್ಗೆ ಸರಿ ಸಾಬ್ರೇ," ಎಂದಳು ಅಜ್ಜಿ, "ನಂಗೆ ಓದೋಕೆ ಬರ್ತದಾ? ಕಾರ್ಡಾದ್ರೆ ಇವ್ನು ಹೊಲದತ್ರನೇ ಕೂಗಿ ಹೇಳ್ತಾನೆ. ಅಂಟಿಸಿದ್ದಾದ್ರೆ ಇವ್ಳು ಮನೆಗ್ ಬರೋಗಂಟ ಎದೇಲಿ ಭತ್ತ ಕುಟ್ಕೊಂಡು ಕೂತಿರ್ಬೇಕು."

ಅಜ್ಜಿಯ ಮಾತು ನ್ಯಾಯವೇ. ಆದರೆ ನನಗೆ ನ್ಯಾಯ ಬೇಕಿರಲಿಲ್ಲ. "ಅಜ್ಜೀ, ಹೋದ ವರ್ಷದ ಕಾರ್ಡು ಮರ್ತೋಯ್ತಾ?" ಎಂದೆ. ಅವಳ ಮುಖ ಕೆಂಪಗಾಯಿತು. ಮಗಳ ಕಾರ್ಡಿನ ಕೊನೆಯಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ ದಾರಿಯಲ್ಲಿ ಯಾರೋ ಪುಣ್ಯಾತ್ಮರು "ಬರುವಾಗ ನಮ್ಮ ಕಡೆಯವರನ್ನೆಲ್ಲ ಕರೆದುಕೊಂಡು ಬರುವುದು" ಎಂದು ಬೇರೆ ಮಸಿಯಲ್ಲಿ ಸೇರಿಸಿದ್ದರು. ಅಜ್ಜಿ ನಂಬಿ ಹನ್ನೊಂದು ಜನರನ್ನು ಕಟ್ಟಿಕೊಂಡು ಬೀಗರ ಮನೆಗೆ ಹೋದರೆ, ಅವರು ಒಂದು ಸೇರು ಅಕ್ಕಿ ಬೇಯಿಸಿಟ್ಟು ಕಣ್ಣು ಕಣ್ಣು ಬಿಟ್ಟಿದ್ದರು.

"ಅಂಟಿಸಿದ್ರೆ ಯಾರೂ ಸೇರ್ಸೋಕಾಗಲ್ಲ ಅಂತೀಯಾ?"

"ಆಗಲ್ಲ."

"ಹಂಗಾದ್ರೆ ಅಂಟ್ಸೇ ಹೋಗ್ಲಿ. ಹನ್ನೊಂದು ಎಲೆ ಹಾಕ್ಸಿದ ಪಾಪ ಇನ್ನೂ ಹೋಗಿಲ್ಲ ನಂಗೆ."

ಪೋಸ್ಟಣ್ಣ ಮಾತ್ರ ತಲೆ ಕೆರೆದುಕೊಂಡ. "ಎಲ್ಲಾ ನೀಲಿ ಆಗ್ಬಿಟ್ರೆ ಯಾರ್ದು ಯಾರ್ಗೆ ಅಂತ ನಾನ್ ಹೆಂಗ್ ಹೇಳ್ಲಿ? ಈ ಊರಲ್ಲಿ ಮನೆಗೊಬ್ಬ ಗ್ರಾಮದೇವ್ರ ಹೆಸ್ರಿನೋನು. ಇಪ್ಪತ್ತು ವರ್ಷದಿಂದ ನಾನು ವಿಳಾಸ ನೋಡಿ ಕೊಟ್ಟೋನಲ್ಲಮ್ಮ, ಒಳಗಿರೋದು ಓದಿ ಕೊಟ್ಟೋನು."

ಎಲ್ಲರೂ ನಕ್ಕೆವು. ನಾನೇ ಜಾಸ್ತಿ ನಕ್ಕೆ.

ಎರಡು ತಿಂಗಳಲ್ಲಿ ಊರು ಹೆಚ್ಚುಕಡಿಮೆ ನೀಲಿಯಾಯಿತು. ದುಬಾರಿ ಎಂದು ಗೊಣಗಿದವರಿಗೆಲ್ಲ ಅಜ್ಜಿಯ ಹನ್ನೊಂದು ಎಲೆಯ ಕಥೆ ಹೇಳಿದೆ. ಬರೆದುಕೊಟ್ಟ ಪ್ರತಿ ಕಾಗದದ ಕೊನೆಗೆ "ಇನ್ನು ಮುಂದೆ ನೀವೂ ಇನ್‌ಲೆಂಡಿನಲ್ಲೇ ಬರೆಯುವುದು" ಎಂದು ಸೇರಿಸಿದೆ, ಹೇಳಿಸಿದವರನ್ನು ಕೇಳದೆಯೇ. ಒಂದು ದಿನ ಏಳು ನೀಲಿ ಕಾಗದಗಳ ಮಧ್ಯೆ ಅಕ್ಕನದನ್ನು ಸೇರಿಸಿ ಮೇಜಿನ ಮೇಲಿಟ್ಟೆ. ಮೇಷ್ಟ್ರು ನೋಡಲೂ ಇಲ್ಲ, ಟಪ ಟಪ ಮೊಹರು ಒತ್ತಿದರು. ನಾನು ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಆಮೇಲೆ ಕಾಯುವುದು. ಒಂದು ವಾರ, ಎರಡು ವಾರ. ಬಸ್ಸು ಬಂದ ಸದ್ದಾದರೆ ಅಕ್ಕ ಮಾಡುತ್ತಿದ್ದ ಕೆಲಸ ನಿಲ್ಲಿಸಿ ನನ್ನ ಮುಖ ನೋಡುವಳು. ನಾನು ಜಗುಲಿಗೆ ಓಡಿ ಬರಿಗೈಯಲ್ಲಿ ವಾಪಸ್ಸು ಬರುವೆ. ಮೂರನೆಯ ವಾರ ಕಾಗದ ಬರಲಿಲ್ಲ, ಸಂಬಂಧ ತಂದಿದ್ದ ಸೋದರಮಾವ ಬಂದರು. ನೀರೂ ಕುಡಿಯದೆ ಹೇಳಿದರು: "ಆ ಕಡೆಯವ್ರು ಬೇಡ ಅಂದ್ಬಿಟ್ರು. ಹುಡುಗನೇ ಬೇಡ ಅಂದ್ನಂತೆ. ಯಾಕೆ ಅಂದ್ರೆ ಬಾಯಿ ಬಿಡ್ತಾ ಇಲ್ಲ."

ಅಪ್ಪ ಹೆಗಲ ಟವೆಲು ತೆಗೆದು ಮುಖ ಮುಚ್ಚಿಕೊಂಡರು. ಅಕ್ಕ ಅಳಲಿಲ್ಲ. ಮರುದಿನದಿಂದ ಮಾತ್ರೆ ನುಂಗುವುದನ್ನು ಬಿಟ್ಟಳು. ಆ ತಿಂಗಳ ಗುರುವಾರ ಬಂತು, ಆಸ್ಪತ್ರೆಗೆ ಹೊರಡಲಿಲ್ಲ. ಅಮ್ಮ ಕಾಲು ಹಿಡಿದುಕೊಂಡರೂ ಏಳಲಿಲ್ಲ.

"ಯಾರಿಗೋಸ್ಕರ ವಾಸಿ ಆಗ್ಲಿ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಅವಳ ಕೈ ಬೆರಳುಗಳನ್ನು ನೋಡುವುದೇ ಒಂದು ಭಯವಾಯಿತು. ಬೆಳಿಗ್ಗೆ ಅವಳು ಹೂ ಕಟ್ಟುವಾಗ, ಬೆರಳು ಮಡಚಲು ಬರುತ್ತಿದೆಯೋ ಇಲ್ಲವೋ ಎಂದು ಕದ್ದು ಕದ್ದು ನೋಡುತ್ತಿದ್ದೆ.

ಹೀಗೇ ಮತ್ತೊಂದು ವಾರ ಕಳೆದಿರಬೇಕು. ಪಕ್ಕದ ಮನೆಯ ಅಜ್ಜಿ ತಿಂಗಳಿಗೂ ಮೇಲಾಗಿ ಕುಂದಾಣದ ತಂಗಿಯ ಮನೆಯಲ್ಲಿ ಅವಳ ಮಗಳ ಬಾಣಂತನ ಮಾಡಲು ಹೋಗಿದ್ದವಳು ವಾಪಸ್ಸು ಬಂದಳು. ಬಾಗಿಲು ತೆಗೆದವಳೇ ನನ್ನನ್ನು ಕೂಗಿದಳು. ಹೋದೆ. ಊರು ಸುತ್ತಿ ಬಂದವಳ ಸುದ್ದಿ ಕೇಳಲು ಆಗಲೇ ಮೂವರು ಹೆಂಗಸರು ಒಳಗೆ ಕೂತಿದ್ದರು. ಅಜ್ಜಿಯ ಕೈಯಲ್ಲಿ ಒಂದು ನೀಲಿ ಕಾಗದ, ಮೇಲೆಲ್ಲ ಧೂಳು.

"ಬಾಗ್ಲ ಸಂದಿಯಿಂದ ತೂರ್ಸಿ ಹೋಗವ್ನೆ ನೋಡು ಪೋಸ್ಟಣ್ಣ. ನನ್ ಮಗ್ಳು ಬರ್ದಿರ್ಬೇಕು. ಓದ್ ಮಗಾ."

ಒಡೆದೆ. ಮೊದಲ ಸಾಲಿನಲ್ಲೇ ತಿಳಿಯಿತು. ಅದು ತ್ಯಾಮಗೊಂಡ್ಲಿನಿಂದ ಅಕ್ಕನಿಗೆ ಬಂದ ಕಾಗದ. ಮೇಲೆ ಅಕ್ಕನ ಹೆಸರಿಲ್ಲ, ಅಪ್ಪನದಷ್ಟೇ. ಅಜ್ಜಿಯ ತೀರಿಹೋದ ಗಂಡನಿಗೂ ನಮ್ಮಪ್ಪನಿಗೂ ಒಂದೇ ಹೆಸರು, ಅದೇ ಗ್ರಾಮದೇವರದ್ದು. ಕಾರ್ಡಾಗಿದ್ದರೆ ಪೋಸ್ಟಣ್ಣ ಎರಡು ಸಾಲು ಓದಿ ನಮ್ಮ ಮನೆಗೆ ತಂದು ಕೊಡುತ್ತಿದ್ದ.

"ನಿಮ್ಮ ಕಾಗದ ಓದಿ ನಿಮ್ಮ ಮೇಲೆ ಗೌರವ ಹೆಚ್ಚಾಯಿತು" ಎಂದು ಅವರು ಬರೆದಿದ್ದರು. "ಡಾಕ್ಟರ ಮಾತನ್ನು ನಾನೂ ಕಿವಿಯಾರೆ ಕೇಳಬೇಕು. ನನಗೆ ರಜೆ ಸೋಮವಾರ. ಬರುವ ಸೋಮವಾರ ಹತ್ತು ಗಂಟೆಗೆ ಆಸ್ಪತ್ರೆಯ ಗೇಟಿನ ಹತ್ತಿರ ಇರುತ್ತೇನೆ. ನೀವು ಬರದಿದ್ದರೆ ನಿಮಗೇ ಮನಸ್ಸಿಲ್ಲವೆಂದು ತಿಳಿದು ಮನೆಯಲ್ಲಿ ಬೇಡವೆಂದುಬಿಡುತ್ತೇನೆ. ಕಾರಣ ಯಾರಿಗೂ ಹೇಳುವುದಿಲ್ಲ."

ಆ ಸೋಮವಾರ ಕಳೆದು ಮೂರು ವಾರವಾಗಿತ್ತು.

"ಯಾಕೇ, ಬಾಯಿ ಕಟ್ಟೋಯ್ತಾ? ಕೆಟ್ಟ ಸುದ್ದಿನಾ?" ಎಂದಳು ಅಜ್ಜಿ. ಮೂವರು ಹೆಂಗಸರೂ ಕತ್ತು ಚಾಚಿದರು.

ನಾನು ಓದತೊಡಗಿದೆ, ಇಲ್ಲದ ಕಾಗದವನ್ನು. "ಮಾತೃಶ್ರೀಯವರಿಗೆ ಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಆರೋಗ್ಯ ಹೇಗಿದೆ..." ಬಾಯಿ ಒಂದು ಹೇಳುತ್ತಿತ್ತು, ಕಣ್ಣು "ಬರದಿದ್ದರೆ" ಎಂಬ ಸಾಲಿನಿಂದ ಮೇಲೇಳುತ್ತಿರಲಿಲ್ಲ.

ಅಜ್ಜಿ ನನ್ನನ್ನೇ ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿ, "ಏಳ್ರಮ್ಮ, ನಾನಿನ್ನೂ ಮುಖ ತೊಳ್ದಿಲ್ಲ, ಸಂಜೆ ಬನ್ನಿ" ಎಂದು ಕಳಿಸಿಬಿಟ್ಟಳು. ಅವರು ಹೋದ ಮೇಲೆ ಮೆಲ್ಲಗೆ ಹೇಳಿದಳು: "ನನ್ ಮಗ್ಳು ಮೊದ್ಲು ಎಮ್ಮೆ ಹೆಂಗೈತೆ ಅಂತಾಳೆ, ಆಮೇಲೆ ನನ್ನ ಕೇಳ್ತಾಳೆ. ಕ್ಷೇಮ ಗೀಮ ಅವಳ ಬಾಯಲ್ಲಿ ಹುಟ್ಟಲ್ಲ. ಈ ಕಾಗ್ದ ನಂದಲ್ಲ ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಯಾರ್ದೋ ಅವ್ರಿಗೆ ಕೊಡೋಗು. ನಾನೇನೂ ಕೇಳಲ್ಲ."

ಅಕ್ಕ ಆ ಕಾಗದವನ್ನು ನಿಂತುಕೊಂಡೇ ಓದಿದಳು. ಓದಿ ಮತ್ತೆ ಮೊದಲಿಂದ ಓದಿದಳು. "ಅವ್ರು ಬಂದು ನಿಂತಿದ್ರು ಕಣೇ," ಎಂದಳು, "ನಾನು ಇಲ್ಲಿ ರಾಗಿ ಬೀಸ್ತಾ ಕೂತಿದ್ದೆ." ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊರಿಗೆಲ್ಲ ಗೋಂದು ಹಚ್ಚಿಸಿದವಳು ನಾನು, ಪೋಸ್ಟಣ್ಣನ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

"ಒಂದು ಕಾರ್ಡು ಕೊಡು" ಎಂದಳು.

"ಅಕ್ಕಾ, ಕಾರ್ಡು ಬೇಡ. ಇನ್‌ಲೆಂಡ್ ಇದೆ, ವಿಳಾಸ ಸರಿಯಾಗಿ ನಾನೇ ಬರೀತೀನಿ. ನಿನ್ ಕಾಲಿಗೆ ಬೀಳ್ತೀನಿ, ಮೇಷ್ಟ್ರು ಓದ್ತಾರೆ."

"ಓದ್ಲಿ. ಅಲ್ಲಿನ ಪೋಸ್ಟಣ್ಣನೂ ಓದ್ಲಿ. ಓದಿದ್ರೇ ಅವ್ರ ಕೈಗೆ ಸೇರೋದು."

ಅವಳೇ ತನ್ನ ಕೈಯಲ್ಲಿ ಬರೆದಳು. ನಿಮ್ಮ ಕಾಗದ ಇಂದು ಸಿಕ್ಕಿತು, ಬೇರೆ ಮನೆಗೆ ಹೋಗಿತ್ತು. ಬರುವ ಸೋಮವಾರ ಆಸ್ಪತ್ರೆಯ ಗೇಟಿನ ಹತ್ತಿರ ಇರುತ್ತೇನೆ. ಆಸ್ಪತ್ರೆಯ ಹೆಸರನ್ನೂ ಬರೆದಳು. ಆ ಹೆಸರು ಕೇಳಿದರೆ ಯಾವ ರೋಗದ್ದೆಂದು ಯಾರಿಗಾದರೂ ತಿಳಿಯುತ್ತಿತ್ತು. ಅಂಚೆ ಮನೆಗೆ ತಾನೇ ನಡೆದಳು, ನಾನು ಹಿಂದೆ. ಮೇಷ್ಟ್ರು ಕಾರ್ಡು ತೆಗೆದುಕೊಂಡು ಅಭ್ಯಾಸಕ್ಕೆ ಬಾಯಿ ತೆರೆದರು, ಮುಚ್ಚಿದರು. ಪೂರ್ತಿ ಓದಿದ್ದು ಮುಖದಲ್ಲೇ ಕಾಣುತ್ತಿತ್ತು. ಅಕ್ಕ ಕಣ್ಣು ಕೆಳಗೆ ಹಾಕಲಿಲ್ಲ.

"ವಿಳಾಸ ಸರಿಯಾಗಿದೆಯಮ್ಮ, ನಾಡಿದ್ದು ಸೇರತ್ತೆ" ಎಂದು ಮೊಹರು ಒತ್ತಿ ಚೀಲಕ್ಕೆ ಹಾಕಿದರು.

ಸೋಮವಾರ ನಾವಿಬ್ಬರೂ ಮೊದಲ ಬಸ್ಸಿಗೇ ಹೊರಟೆವು. ಗೇಟಿನ ಎದುರು ಎಳನೀರಿನವನ ಪಕ್ಕ ನಿಂತೆವು. ಹತ್ತಾಯಿತು, ಹನ್ನೆರಡಾಯಿತು, ಎರಡಾಯಿತು. ಬಸ್ಸಿಳಿದ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ನಾನು ನೋಡಿದೆ. ಅವರು ಬರಲಿಲ್ಲ. ಡಾಕ್ಟರು ಎದ್ದು ಹೋಗುವ ಹೊತ್ತಾಯಿತೆಂದು ಗೇಟಿನವನು ಹೇಳಿದ. ಅಕ್ಕ ಸೆರಗು ಸರಿಮಾಡಿಕೊಂಡು ಒಬ್ಬಳೇ ಒಳಗೆ ಹೋಗಿ, ತಪ್ಪಿಸಿದ್ದ ಗುರುವಾರದ ಮಾತ್ರೆ ನುಂಗಿ ಬಂದಳು.